ಏಳನೇ ತಿರುವಿನ ರಬ್ಬರ್ ಕೊಳವೆ

ನನ್ನ ಹೆಸರು ಕೇಳಿದರೆ ನಗುತ್ತೀರಿ. ಮಾಡಿದ ಕೆಲಸ ಕೇಳಿದರೆ ಆ ನಗು ಅರ್ಧಕ್ಕೆ ನಿಲ್ಲುತ್ತದೆ. ನಾನು ಒಂದು ರಬ್ಬರ್ ಕೊಳವೆ. ಉದ್ದ ಒಂದು ಗೇಣು, ದಪ್ಪ ನಿಮ್ಮ ಕಿರುಬೆರಳಿಗಿಂತ ಕಡಿಮೆ. ಅಂಗೈ ಮೇಲಿಟ್ಟರೆ ಇಟ್ಟದ್ದೇ ಮರೆತುಹೋಗುವಷ್ಟು ತೂಕ. ಆದರೆ ಇಪ್ಪತ್ತಾರು ಸೀಟಿನ ಬಸ್ಸನ್ನು ಘಟ್ಟದ ನಡುವೆ ಮಂಡಿಯೂರಿಸಿದವನು ನಾನು. ಮೂವರು ಮಿಸ್ತ್ರಿಗಳಿಗೆ ಏಳು ಕೆರೆಯ ನೀರು ಕುಡಿಸಿದವನು ನಾನು. ಕಂಪ್ಯೂಟರಿನ ಬಾಯಲ್ಲಿ ಅಮಾಯಕನ ಹೆಸರು ಹೇಳಿಸಿದವನೂ ನಾನೇ. ಆನೆ ಬಂದರೆ ಊರೆಲ್ಲ ದಾರಿ ಬಿಡುತ್ತದೆ. ಇರುವೆ ಬಂದರೆ ಆನೆಯೇ ಸೊಂಡಿಲು ಸುತ್ತಿಕೊಂಡು ಕೂರಬೇಕು! ಹೇಗಿದೆ ಡೈಲಾಗು? ಸ್ವಂತದ್ದು. ಸಿಳ್ಳೆ ಹೊಡೆಯುವವರು ಹೊಡೆಯಬಹುದು.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ ಬಿಸಿಬಿಸಿ ಕಪ್ಪು ರಬ್ಬರನ್ನು ಯಂತ್ರದಲ್ಲಿ ಒತ್ತಿದರು. ಹೊರಗೆ ಬಂದಾಗ ನಾನು ಒಬ್ಬನೇ ಇರಲಿಲ್ಲ. ನೂರು ಮೀಟರ್ ಉದ್ದದ ಕೂಡುಕುಟುಂಬ, ಹಗ್ಗದ ಹಾಗೆ ಸುತ್ತಿ ಚೀಲಕ್ಕೆ ತುಂಬಿದರು. ಚೀಲ ಇಳಿದದ್ದು ಕೊಳ್ಳೇಗಾಲದ ಒಂದು ಬಿಡಿಭಾಗಗಳ ಅಂಗಡಿಯಲ್ಲಿ. ಅಲ್ಲಿ ಮೊಳೆಗೆ ನೇತುಹಾಕಿದರು. ಗಿರಾಕಿ ಬಂದು ಅಳತೆ ಹೇಳಿದಾಗಲೆಲ್ಲ ಬ್ಲೇಡು ಬರುತ್ತಿತ್ತು, ಕುಟುಂಬದಲ್ಲಿ ಒಬ್ಬ ಕಡಿಮೆಯಾಗುತ್ತಿದ್ದ.

ನನ್ನ ಸರದಿ ಬರಲು ಮೂರು ವರ್ಷ ಬೇಕಾಯಿತು. ನಾನು ಓದಿದ್ದೆಲ್ಲ ಆ ಮೂರು ವರ್ಷದಲ್ಲೇ. ಏಕೆಂದರೆ ಅಂಗಡಿಯ ಹಿಂದಿನ ಗೋಡೆಯೇ ಚಿತ್ರಮಂದಿರದ ಪಕ್ಕದ ಗೋಡೆ. ದಿನಕ್ಕೆ ನಾಲ್ಕು ಆಟ. ಮುಖ ಒಂದೂ ನೋಡಲಿಲ್ಲ, ಮಾತು ಒಂದೂ ಬಿಡಲಿಲ್ಲ. ನಾಯಕ ಬಂದಾಗ ಗೋಡೆ ನಡುಗುತ್ತಿತ್ತು. ಖಳ ನಕ್ಕಾಗ ಡಬ್ಬಿಯೊಳಗಿನ ಬೋಲ್ಟುಗಳೂ ನಗುತ್ತಿದ್ದವು. ತಾಯಿ ಸಾಯುವ ಸೀನಿನಲ್ಲಿ ಮಾತ್ರ ಅಂಗಡಿಯ ಯಜಮಾನ ರೇಡಿಯೋ ಹಚ್ಚುತ್ತಿದ್ದ, ಅವನಿಗೆ ತಡೆಯಲಾಗುತ್ತಿರಲಿಲ್ಲ. ನಾನೋ, ನಾಯಕನಾಗಲೋ ಖಳನಾಗಲೋ ಎಂದು ಮೊಳೆಯ ಮೇಲೆಯೇ ತೂಗಿ ನೋಡುತ್ತಿದ್ದೆ. ಕೊನೆಗೆ, ಒಳ್ಳೆಯ ಡೈಲಾಗೆಲ್ಲ ಖಳನಿಗೇ ಕೊಡುತ್ತಾರೆ ಎಂದು ತೀರ್ಮಾನಿಸಿದೆ.

ಮೊದಲ ಕೆಲಸ ಸಿಕ್ಕಿದ್ದು ರೇಷ್ಮೆಗೂಡು ಸಾಗಿಸುವ ಒಂದು ಪಿಕಪ್ಪಿನಲ್ಲಿ. ಕಸುಬು ಕಲಿತದ್ದು ಅಲ್ಲಿ. ಕಸುಬೆಂದರೆ ಇಷ್ಟೇ. ಎಂಜಿನ್ನಿಗೆ ಟರ್ಬೊ ಎಂಬ ಒಂದು ಚಕ್ರ ಇರುತ್ತದೆ. ಎಂಜಿನ್ ಬಿಡುವ ಹೊಗೆಯ ರಭಸದಲ್ಲೇ ಅದು ಗಿರ್ರನೆ ತಿರುಗಿ, ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ಒತ್ತಿ ತಿನ್ನಿಸುತ್ತದೆ. ಹೆಚ್ಚು ಗಾಳಿ ಬಿದ್ದರೆ ಹೆಚ್ಚು ಬಲ. ಎಷ್ಟು ತಿನ್ನಿಸಬೇಕು ಎಂದು ನೋಡಿಕೊಳ್ಳಲು ಟರ್ಬೊದ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ, ಡಬ್ಬಿಗೊಂದು ಸಲಾಕೆ. ಡಬ್ಬಿಯೊಳಗಿನ ಗಾಳಿಯನ್ನು ಹೀರಿ ತೆಗೆದರೆ ಸಲಾಕೆ ಮೇಲೇಳುತ್ತದೆ, ಟರ್ಬೊ ಎದೆ ತುಂಬಿ ಊದುತ್ತದೆ. ಹೀರಿದ್ದು ಸಡಿಲವಾದರೆ ಸಲಾಕೆ ಬೀಳುತ್ತದೆ, ಟರ್ಬೊ ಊದುವುದನ್ನು ಬಿಟ್ಟು ಆಕಳಿಸುತ್ತದೆ. ಆ ಹೀರುವ ಕೆಲಸ ನಡೆಯುವುದು ನನ್ನ ಮೂಲಕ. ಕಾಣುವವನು ಟರ್ಬೊ, ಕಾಣದವನು ನಾನು. ಸಿಂಹಾಸನದ ಮೇಲೆ ಕೂತವನ ಕಿವಿ ಯಾರ ಕೈಯಲ್ಲಿದೆಯೋ ರಾಜ್ಯವೂ ಅವನ ಕೈಯಲ್ಲೇ!

ಪಿಕಪ್ಪು ಮುದಿಯಾಗಿ ಗುಜರಿಗೆ ಹೋಯಿತು. ಬಿಚ್ಚಿದ ಮಿಸ್ತ್ರಿ ನನ್ನನ್ನು ಬಗ್ಗಿಸಿ ನೋಡಿ, ‘ಇನ್ನೂ ಜೀವ ಅದ’ ಎಂದು ಡ್ರಾಯರಿಗೆ ಹಾಕಿದ. ಒಂದು ದಿನ ಅವನ ಅಂಗಡಿಗೆ ಬಸ್ಸು ಬಂತು. ‘ಸದ್ಯಕ್ಕ ಇದ ಹಾಕಿರ್ತೀನಿ, ಎರಡು ದಿನ ಬುಟ್ಟು ಹೊಸದು ಹಾಕವ’ ಎಂದು ನನ್ನನ್ನು ಸಿಕ್ಕಿಸಿದ. ಹಿಡಿದಿಡುವ ಕ್ಲಿಪ್ಪು ಕಳೆದಿತ್ತು. ಒಂದು ತಂತಿ ಸುತ್ತಿದ. ಆ ಎರಡು ದಿನ ಎರಡೂವರೆ ವರ್ಷ ಆಯಿತು.

ಬಸ್ಸಿನ ಯಜಮಾನ ಗುರುಮಲ್ಲಪ್ಪ. ಓಡಿಸುವವನು ಕೆಂಪಶೆಟ್ಟಿ. ಆನೆದಾರಿ ಘಟ್ಟದ ಹನ್ನೊಂದು ತಿರುವು ಹತ್ತಿ ದೊಡ್ಡಮಾಳಕ್ಕೆ ದಿನಕ್ಕೆರಡು ಸಲ ಹೋಗಿ ಬರುವ ಒಂದೇ ಬಸ್ಸು ಅದು. ನರ್ಸು, ಮೇಷ್ಟ್ರು, ಮೊಸರು ಮಾರುವವರು, ಹೈಸ್ಕೂಲು ಮಕ್ಕಳು ಎಲ್ಲರೂ ಅದರಲ್ಲೇ.

ಕೆಂಪಶೆಟ್ಟಿಯನ್ನು ನಾನು ಕಂಡದ್ದೆಲ್ಲ ಕೆಳಗಿನಿಂದ. ಬಾನೆಟ್ ಎತ್ತಿದಾಗ ಮೊದಲು ಗದ್ದದ ಬಿಳಿ ಕೂದಲು, ಆಮೇಲೆ ಮೂಗಿನ ಎರಡು ಹೊಳ್ಳೆ, ಅವುಗಳಾಚೆ ಎಲ್ಲೋ ಮೇಲೆ ಎರಡು ಕಣ್ಣು. ಐವತ್ತೇಳು ವರ್ಷ ಅವನಿಗೆ. ಹತ್ತೊಂಬತ್ತು ವರ್ಷದಿಂದ ಅದೇ ಘಟ್ಟ. ಒಂದು ಗೀರು ಬಿದ್ದಿಲ್ಲ. ಗೇರು ಬದಲಿಸಿದರೆ ಮಲಗಿದ ಮಗುವಿನ ತಲೆ ಪಕ್ಕಕ್ಕೆ ತಿರುಗಿಸಿದ ಹಾಗೆ. ನಾನು ಖಳ, ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಆದರೆ ಅವನ ಬಲಗಾಲನ್ನು ಹೊಗಳದಿದ್ದರೆ ನಾಲಗೆ ಬಿದ್ದುಹೋಗುತ್ತದೆ.

ಅವನಿಗೆ ಒಂದು ರೂಢಿ ಇತ್ತು. ಮಿಸ್ತ್ರಿಯ ಹತ್ತಿರ ಹೋಗುವ ಮೊದಲು ಬಸ್ಸನ್ನು ತೊಳೆಯಲೇಬೇಕು. ಘಟ್ಟದ ಬುಡದಲ್ಲಿ ತೊರೆಯ ನೀರು ಬೀಳುವ ಒಂದು ಪೈಪು ಇದೆ. ಅಲ್ಲಿ ನಿಲ್ಲಿಸಿ, ಎಂಜಿನ್ ತಣಿಯಲು ಒಂದು ಗಂಟೆ ಬಿಟ್ಟು, ಬಾನೆಟ್ ಎತ್ತಿ ಒಳಗೂ ನೀರು ಹಾಯಿಸಿ, ಬಟ್ಟೆಯಲ್ಲಿ ಒರೆಸಿಯೇ ಮುಂದಕ್ಕೆ. ಮೊಸರಿನ ಚಿಕ್ಕತಾಯಮ್ಮ ಒಮ್ಮೆ ಕೇಳಿಯೂ ಬಿಟ್ಟಳು.

‘ಯಾಕ ಶೆಟ್ಟಣ್ಣ, ಬಸ್ಸಿಗ ಹೆಣ್ಣು ನೋಡಕ್ ಕರ್ಕಂಡೋಯ್ತಿದ್ದಯ?’

‘ಡಾಕ್ಟ್ರತ್ರ ಹೋಗೋವಾಗ ಮಯ್ ತೊಳ್ದೆ ಹೋದಾರವ್ವ? ಮುಟ್ಟೋರು ಅಸಯ್ಯ ಪಟ್ಕಬಾರ್ದು ಕನ’ ಎಂದ ಕೆಂಪಶೆಟ್ಟಿ.

ಮಿಸ್ತ್ರಿಗಳೂ ಇದಕ್ಕೆ ಅವನನ್ನು ಮೆಚ್ಚುತ್ತಿದ್ದರು. ‘ಗಾಡಿ ಇಟ್ರೆ ಶೆಟ್ರಂಗ ಇಡ್ಬೇಕು’ ಎನ್ನುತ್ತಿದ್ದರು.

ಇನ್ನು ನನ್ನ ಎಂಟ್ರಿ. ಒಂದು ಬೇಸಿಗೆಯ ಮಧ್ಯಾಹ್ನ, ಬಸ್ಸು ತುಂಬ ಜನ, ಏಳನೇ ತಿರುವು. ಘಟ್ಟದಲ್ಲೇ ಕಡಿದಾದ ಜಾಗ ಅದು. ಎಂಜಿನ್ ಕೆಂಡವಾಗಿತ್ತು. ನಾನು ಮೆಲ್ಲಗೆ ಬಾಯಿ ತೆರೆದೆ. ಬೆರಳ ಉಗುರಿನಷ್ಟು ಉದ್ದದ ಬಾಯಿ, ಹೊಟ್ಟೆಯ ಕೆಳಭಾಗದಲ್ಲಿ, ಯಾರಿಗೂ ಕಾಣದ ಕಡೆ. ಹೊರಗಿನ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಡಬ್ಬಿಯ ಹಿಡಿತ ತಪ್ಪಿತು, ಸಲಾಕೆ ಬಿತ್ತು, ಟರ್ಬೊ ಆಕಳಿಸಿತು. ಬಸ್ಸಿನ ಕಂಪ್ಯೂಟರು ಹೆದರಿ, ಎಂಜಿನ್ನಿಗೆ ಪೆಟ್ಟಾಗದಿರಲಿ ಎಂದು ಬಲವನ್ನೆಲ್ಲ ಕಟ್ಟಿಹಾಕಿ, ಹಳದಿ ದೀಪ ಹಚ್ಚಿ ಕೂತಿತು. ಕೆಂಪಶೆಟ್ಟಿ ಪೆಡಲನ್ನು ನೆಲಕ್ಕಂಟಿಸಿದರೂ ಬಸ್ಸು ಎಮ್ಮೆಯ ನಡಿಗೆ ಬಿಡಲಿಲ್ಲ.

‘ಶೆಟ್ಟಣ್ಣ, ಇಳ್ದು ನಡ್ಕಂಡೋಗಿ ಮೊಸರು ಮಾರ್ಬುಟ್ಟು ಬತ್ತೀನಿ, ಅಷ್ಟೊತ್ಗ ಎಂಟ್ನೇ ತಿರುವ್ಗ ಬಂದಿರು’ ಎಂದಳು ಚಿಕ್ಕತಾಯಮ್ಮ. ಬಸ್ಸೆಲ್ಲ ನಕ್ಕಿತು. ಕೆಂಪಶೆಟ್ಟಿಯೂ ನಕ್ಕ, ಆ ಸಲ.

ಕೆಳಗಿಳಿದು ಬಂದು ಬಸ್ಸು ತೊಳೆದು ಮೊದಲನೆಯ ಮಿಸ್ತ್ರಿಗೆ ತೋರಿಸಿದ. ತಣ್ಣೀರು ಬಿದ್ದ ಮೇಲೆ ನಾನು ಬಾಯಿ ಮುಚ್ಚಿ ಸಾಧುವಿನ ಹಾಗೆ ಕೂತಿದ್ದೆ. ಮಿಸ್ತ್ರಿ ನನ್ನನ್ನು ಮುಟ್ಟಿ ನೋಡಿ, ಗಟ್ಟಿ ಇದೆ ಎಂದು ಬಿಟ್ಟು, ನನಗೆ ಗಾಳಿಯ ಅಪ್ಪಣೆ ಕೊಡುವ ವಾಲ್ವನ್ನು ಬದಲಿಸಿದ. ವಾರಕ್ಕೆ ಮತ್ತೆ ಏಳನೇ ತಿರುವು, ಮತ್ತೆ ಎಮ್ಮೆ.

ಎರಡನೆಯದು ಪಟ್ಟಣದ ದೊಡ್ಡ ವರ್ಕ್‌ಶಾಪು. ಅಲ್ಲಿ ಕಂಪ್ಯೂಟರನ್ನು ತಂತಿಯಲ್ಲಿ ಸಿಕ್ಕಿಸಿ ಕೇಳಿದರು. ‘ಟರ್ಬೊ ಒತ್ತಡ ಕಡಿಮೆ’ ಎಂದು ಅದು ಹೇಳಿತು. ಅಷ್ಟೇ ಸಾಕಾಯಿತು, ಟರ್ಬೊವನ್ನೇ ಕಿತ್ತು ಹೊಸದು ಹಾಕಿದರು. ಅಯ್ಯೋ ಬುದ್ಧಿವಂತರೇ! ಮನೆಯಲ್ಲಿ ಅನ್ನ ಕಡಿಮೆ ಆಯಿತು ಎಂದರೆ ಅಡುಗೆಯವಳೇ ಕಳ್ಳಿಯೇ? ಕಂಪ್ಯೂಟರು ಏನು ಕಳೆದಿದೆ ಎಂದು ಹೇಳುತ್ತದೆ, ಯಾರು ಕದ್ದರು ಎಂದು ಹೇಳುವುದಿಲ್ಲ. ಹಳೆಯ ಟರ್ಬೊ ತಪ್ಪು ಮಾಡದೆಯೇ ಜೈಲಿಗೆ ಹೋಯಿತು. ಹೋಗುವಾಗ ನನ್ನ ಕಡೆ ನೋಡಿತು. ನಾನು ಬೇರೆ ಕಡೆ ನೋಡಿದೆ.

ಮೂರನೆಯವನು ಇನ್ನೂ ಜಾಣ. ತೊಳೆದ ಬಸ್ಸನ್ನು ಬೆಳಗ್ಗೆ ಆರೂವರೆಗೆ, ಖಾಲಿಯಾಗಿ, ತಾನೇ ಓಡಿಸಿಕೊಂಡು ಘಟ್ಟ ಹತ್ತಿಸಿದ. ತಂಪು ಹೊತ್ತು, ಭಾರವಿಲ್ಲ. ಹನ್ನೊಂದು ತಿರುವೂ ಜಿಂಕೆಯ ಹಾಗೆ ಹಾರಿತು. ಇಳಿದು ಬಂದವನು ಕೈ ಒರೆಸಿಕೊಂಡು ಗುರುಮಲ್ಲಪ್ಪನಿಗೆ ಹೇಳಿದ:

‘ಬಸ್ಸಲ್ಲಿ ಯಾನೂ ಇಲ್ಲ ಯಜಮಾನ್ರೆ. ಓಡ್ಸೋರ ಕಾಲ್ ನೋಡ್ಸಿ.’

ಆ ಮಾತು ಹೇಳುವಾಗ ಕೆಂಪಶೆಟ್ಟಿ ಅಲ್ಲೇ ಇದ್ದ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು.

‘ನಾ ಅಂದ್ನಲ್ಲ ಶೆಟ್ಟಿ’ ಎಂದ ಗುರುಮಲ್ಲಪ್ಪ. ಕೆಟ್ಟವನಲ್ಲ ಅವನು, ಜೋರಾಗಿ ಹೇಳಲೂ ಇಲ್ಲ. ‘ಅರ್ಧ ಘಟ್ಟದಲ್ಲಿ ಬಸ್ಸು ಹಿಂದಕ್ ಜಾರುದ್ರ ಇಪ್ಪತ್ತಾರು ಜೀವ ಕನಪ್ಪ. ವಯಸ್ಸು ಯಾರ ಮಾತ್ ಕೇಳ್ತದ? ಶುಕ್ರವಾರ ಬೀಗದ ಕಯ್ ಕೊಟ್ಬುಡು. ಬೇರೆ ಡ್ರೈವರ್ನ ಹೇಳಿವಿನಿ. ನೀ ಸ್ಟ್ಯಾಂಡಲ್ಲಿ ಕೂತ್ಕಂಡು ಟಿಕೇಟ್ ಕೊಡು.’

‘ಬಿಸಿಯಾದ್ರ ಮಾತ್ರ ಹಂಗಾಯ್ತದ ಬುದ್ಧಿ. ಒಂದ್ ಥರ ಸುಯ್ ಅಂತದ, ಆಮೇಲ ಸತ್ವ ಹೋಯ್ತದ.’

‘ಮೂರ್ ಜನಕ್ ಕೇಳದೆ ಇದ್ದದ್ದು ನಿಂಗೊಬ್ಬಂಗ ಕೇಳ್ತದ?’

ಅವತ್ತು ಸಂಜೆ ಶೆಡ್ಡಿನಲ್ಲಿ ಬಸ್ಸು ನಿಂತಿತ್ತು. ಎಂಜಿನ್ ಆರಿತ್ತು. ಕೆಂಪಶೆಟ್ಟಿ ಒಬ್ಬನೇ ಸೀಟಿನಲ್ಲಿ ಕೂತು ಪೆಡಲನ್ನು ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ಹತ್ತು ಸಲ, ಹದಿನೈದು ಸಲ. ತನ್ನ ಕಾಲನ್ನು ತಾನೇ ಪರೀಕ್ಷೆ ಮಾಡುತ್ತಿದ್ದ. ಇಂಥ ಸೀನಿನಲ್ಲಿ ಪಿಟೀಲು ಬರಬೇಕು. ಬರಲಿಲ್ಲ. ಬರೀ ಪೆಡಲಿನ ಸ್ಪ್ರಿಂಗು ಕಿರ್ ಕಿರ್ ಎಂದಿತು. ನನಗೆ ಒಂದು ಡೈಲಾಗೂ ಹೊಳೆಯಲಿಲ್ಲ.

ಗುರುವಾರ, ಗಡುವಿಗೆ ಒಂದೇ ದಿನ ಉಳಿದಿರುವಾಗ, ಅವನು ಮಧ್ಯಾಹ್ನದ ಟ್ರಿಪ್ಪಿಗೆ ಮುಂಚೆ ಹನೂರಿನ ರಸ್ತೆಯ ಒಂದು ತಗಡಿನ ಶೆಡ್ಡಿನ ಮುಂದೆ ಬಸ್ಸು ನಿಲ್ಲಿಸಿದ. ತೊಳೆದೇ ತಂದಿದ್ದ. ಆ ಶೆಡ್ಡು ಜಸಿಂತಾಳದ್ದು. ಮೂವತ್ತರ ಆಸುಪಾಸಿನ ಹೆಂಗಸು, ಜಡೆಯನ್ನು ಕಾಲರಿನೊಳಗೆ ಸೇರಿಸಿಕೊಂಡು, ತೋಳು ಮಡಚಿಕೊಂಡು ಕೆಲಸ ಮಾಡುವವಳು. ಅಪ್ಪನಿಂದ ಲಾರಿ ಕಲಿತಳು, ಐಟಿಐಯಲ್ಲಿ ಮಿಕ್ಕದ್ದು ಕಲಿತಳು.

ಅವಳು ಮೊದಲು ಕಂಪ್ಯೂಟರಿಗೆ ತಂತಿ ಸಿಕ್ಕಿಸಿದಳು. ಅದು ಹಳೆಯ ರಾಗವನ್ನೇ ಹಾಡಿತು. ಆಮೇಲೆ ಒಂದು ಕೈಪಂಪು ತಂದಳು. ಗಾಳಿ ಹೀರುವ ಪಂಪು, ಮೇಲೊಂದು ಮುಳ್ಳಿನ ಮೀಟರು. ನನ್ನ ಬಾಲಕ್ಕೆ ಸಿಕ್ಕಿಸಿ ಹೀರಿದಳು. ತಣ್ಣಗಿದ್ದೆನಲ್ಲ, ಏರಿದ ಮುಳ್ಳು ಇಳಿಯದೆ ನಿಂತಿತು, ಅಂದರೆ ಎಲ್ಲೂ ಸೋರಿಕೆ ಇಲ್ಲ. ನಾಲ್ಕನೆಯ ವಿಕೆಟ್ಟೂ ಬಿತ್ತು ಎಂದುಕೊಂಡೆ. ಆದರೆ ಅವಳು ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಒಂದು ಟಯರಿನ ಮೇಲೆ ಕೂತು ಕೆಂಪಶೆಟ್ಟಿಗೆ ಎದುರಿನ ಟಯರು ತೋರಿಸಿದಳು. ಮೂವರಲ್ಲಿ ಯಾರೂ ಅವನನ್ನು ಕೂರಿಸಿರಲಿಲ್ಲ.

‘ಅಣ್ಣ, ಬಸ್ಸು ನಿತ್ಕಳೋ ಟೇಮಿಂದ ನನ್ನತ್ರ ಬರೋಗಂಟ ಏನೇನ್ ಮಾಡುದ್ರಿ, ಒಂದೂ ಬುಡ್ದಂಗ ಹೇಳಿ.’

‘ಮಾಡೋದ್ ಯಾನವ್ವ, ಜನ ಇಳ್ಸ್ತೀನಿ. ನಿಧಾನಕ್ಕ ಕೆಳಗ್ ಬತ್ತೀನಿ. ತೊರೆತಾವು ನಿಲ್ಸಿ ತಣಿಯಕ್ ಬುಡ್ತೀನಿ.’

‘ಎಷ್ಟೊತ್ತು?’

‘ಒಂದ್ ಗಂಟ. ಆಮೇಲ ತೊಳೀತೀನಿ.’

‘ಎಲ್ಲಿ ತೊಳೀತೀರಿ?’

‘ಎಲ್ಲಾವ. ಒಳಗೂವ. ಎಂಜಿನ್ ನಿನ್ ಮನ ಪಾತ್ರ ಇದ್ದಂಗ ಇರ್ಬೇಕು, ಹಂಗ ತೊಳೀತೀನಿ.’

ಜಸಿಂತಾ ಹಣೆ ಹಿಡಿದುಕೊಂಡು ನಕ್ಕಳು. ‘ಅಯ್ಯೋ ಅಣ್ಣ! ಕೊಲೆ ಆದ್ ಜಾಗನ ಗುಡ್ಸಿ ಸಾರ್ಸಿ ರಂಗೋಲಿ ಬುಟ್ಬುಟ್ಟು ಪೊಲೀಸ್ನೋರ್ ಕರೀತಿದ್ದೀರಲ್ಲ!’

ಕೆಂಪಶೆಟ್ಟಿ ನಗಲಿಲ್ಲ. ತಲೆ ಬಗ್ಗಿಸಿದ. ‘ನಾಳಿಕ್ ಬೀಗದ ಕಯ್ ಕೊಡ್ಬೇಕು ಕನವ್ವ. ಕಾಲ್ದೇ ತಪ್ಪಾದ್ರ ಹಂಗೇ ಹೇಳ್ಬುಡು, ಬೇಜಾರಿಲ್ಲ. ಅದ್ಯಾನ ಅಂತ ಗೊತ್ತಾದ್ರ ಸಾಕು.’

ಅವಳ ನಗು ನಿಂತಿತು. ಕೈಪಂಪು, ಒಂದು ಜೊತೆ ಗವಸು, ಒಂದು ತುಂಡು ಹೊಸ ಕೊಳವೆ ಚೀಲಕ್ಕೆ ಹಾಕಿಕೊಂಡಳು. ‘ಇವತ್ತಿನ್ ಟ್ರಿಪ್ಪಿಗ ನಾನೂ ಬತ್ತೀನಿ. ಯಜಮಾನ್ರನೂ ಬರಕ್ಕೇಳಿ. ಜನ ತುಂಬ್ಸಿ, ಒಬ್ರನ್ನೂ ಬುಡ್ಬೇಡಿ. ಇನ್ ತೊಳೀಬೇಡಿ, ಇವತ್ತು ನಿಮ್ ಬಸ್ಸು ಕೊಳಕಾಗೇ ಇರ್ಬೇಕು.’

ಹೀಗೆ ಆ ಮಧ್ಯಾಹ್ನ ಎರಡು ಗಂಟೆಗೆ ಕ್ಲೈಮ್ಯಾಕ್ಸು ಶುರುವಾಯಿತು. ಗುರುಮಲ್ಲಪ್ಪ ಮುಂದಿನ ಸೀಟಿನಲ್ಲಿ ಕೈಕಟ್ಟಿ ಕೂತ. ಜಸಿಂತಾ ಎಂಜಿನ್ನಿನ ಪಕ್ಕದ ಹಲಗೆಯ ಮೇಲೆ. ಹಿಂದೆ ಮೊಸರಿನ ಕುಕ್ಕೆಗಳು. ಐದನೇ ತಿರುವು ದಾಟಿತು. ಆರು. ಏಳರಲ್ಲಿ ಸುಯ್ ಎಂದಿತು, ಹಳದಿ ದೀಪ ಹತ್ತಿತು, ಬಸ್ಸು ಕುಸಿಯಿತು.

‘ನೋಡುದ್ರ?’ ಎಂದ ಗುರುಮಲ್ಲಪ್ಪ.

‘ನೋಡಕ್ಕೇ ಬಂದಿರದು. ಅಣ್ಣ ನಿಲ್ಸಿ, ಎಂಜಿನ್ ಆರ್ಸ್‌ಬೇಡಿ. ಚಕ್ರಕ್ಕ ಕಲ್ಲು ಕೊಡಿ ಯಾರಾರ.’

ಬಾನೆಟ್ ಎದ್ದಿತು. ಬಿಸಿ ಗಾಳಿ ಅವಳ ಮುಖಕ್ಕೆ ಬಡಿಯಿತು. ಅವಳು ಹಿಂದೆ ಸರಿಯಲಿಲ್ಲ. ‘ಬನ್ನಿ ಯಜಮಾನ್ರೆ, ಈ ಸಲಾಕೆ ನೋಡಿ. ಮೇಲೆದ್ದಿರ್ಬೇಕು, ಬಿದ್ದದ.’ ನನ್ನನ್ನು ಡಬ್ಬಿಯಿಂದ ಎಳೆದಳು. ಕೈಪಂಪನ್ನು ನೇರವಾಗಿ ಡಬ್ಬಿಗೆ ಸಿಕ್ಕಿಸಿ ಹೀರಿದಳು. ಸಲಾಕೆ ಟಪ್ಪನೆ ಎದ್ದಿತು, ಏರಿದ ಮುಳ್ಳು ಇಳಿಯಲಿಲ್ಲ. ‘ಡಬ್ಬಿ ಚೆನ್ನಾಗದ. ಸಲಾಕೆನೂ ಸರ್ಯಾಗ್ ಆಡ್ತದ.’ ಆಮೇಲೆ ಪಂಪನ್ನು ನನ್ನ ಒಂದು ತುದಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ ಹೀರಿದಳು. ಮುಳ್ಳು ಏರಿತು. ಏರಿದ್ದು ಮೆಲ್ಲಗೆ ಇಳಿಯಿತು. ಮತ್ತೆ ಹೀರಿದಳು, ಮತ್ತೆ ಇಳಿಯಿತು.

‘ಇವ್ನೇ.’

ಅವಳು ನನ್ನನ್ನು ತುದಿಯಿಂದ ಬೆರಳು ಬೆರಳಷ್ಟೇ ಹಿಂಡುತ್ತಾ ಬಂದಳು. ಇಲ್ಲಿ ಹಿಂಡಿದರೆ ಮುಳ್ಳು ನಿಲ್ಲುತ್ತದೆ, ಸ್ವಲ್ಪ ಆಚೆ ಹಿಂಡಿದರೆ ಜಾರುತ್ತದೆ. ಆ ಎರಡು ಬೆರಳುಗಳ ನಡುವಿನ ಜಾಗವನ್ನು ಬಿಸಿಲಿಗೆ ತಿರುಗಿಸಿದಳು. ನನ್ನ ಹೊಟ್ಟೆಯ ಕೆಳಗೆ ಸೀಳಿನ ಸುತ್ತ ಘಟ್ಟದ ಕೆಂಪು ಧೂಳು ಗೆರೆಯಾಗಿ ಮೆತ್ತಿಕೊಂಡಿತ್ತು. ಹೀರುವ ಬಾಯಿಯ ತುಟಿಗೆ ಧೂಳು ಅಂಟದೆ ಇರುತ್ತದೆಯೆ? ಘಟ್ಟ ಹತ್ತಿದ ಮೇಲೆ ಯಾರೂ ತೊಳೆದಿರಲಿಲ್ಲ ಅವತ್ತು.

‘ಬಿಸಿಗ ಬಾಯ್ ಬುಡ್ತದ, ತಣ್ಣೀರ್ ಬಿದ್ರ ಮುಚ್ಕತದ. ಶೆಟ್ಟಣ್ಣ ತೊಳ್ದು ತತ್ತಿದ್ರು, ಧೂಳೂ ಹೋಯ್ತಿತ್ತು, ಬಿಸಿನೂ ಹೋಯ್ತಿತ್ತು. ನಾನೂ ಕೆಳಗ್ ನೋಡ್ದಾಗ ಸಿಕ್ನಿಲ್ಲ ಇವ್ನು. ಯಜಮಾನ್ರೆ, ಹತ್ತೊಂಬತ್ ವರ್ಷ ಇದೇ ಘಟ್ಟದಲ್ಲಿ ಎಂಜಿನ್ ಕೇಳ್ಕಂಡ್ ಬಂದೋರು ಸುಯ್ ಅಂತದ ಅಂದ್ರ, ಅದು ಸುಯ್ ಅಂತದ ಅಂತನೇ ಅರ್ಥ.’

ಕೊಳ್ಳೇಗಾಲದ ಗೋಡೆಯಾಚೆ ನಾನು ನೂರು ನಾಯಕರ ಎಂಟ್ರಿ ಕೇಳಿದ್ದೇನೆ. ಇಷ್ಟು ಮೆಲ್ಲಗೆ ಹೇಳಿದ ಡೈಲಾಗಿಗೆ ಒಂದು ಬಸ್ಸು ಜನ ಇಷ್ಟು ಸುಮ್ಮನಾದದ್ದನ್ನು ಕೇಳಿಲ್ಲ.

ಹೊಸ ಕೊಳವೆಯನ್ನು ಅವಳು ಎಂಜಿನ್ನಿನ ಹೊಗೆ ಹಾಯುವ ಬಿಸಿ ಪೈಪಿನಿಂದ ನಾಲ್ಕು ಬೆರಳು ದೂರದಲ್ಲಿ ಹಾಯಿಸಿ, ಕ್ಲಿಪ್ಪು ಹಾಕಿ ಬಿಗಿದಳು. ಎಂಜಿನ್ ಒಮ್ಮೆ ಆರಿಸಿ ಮತ್ತೆ ಶುರುಮಾಡಿಸಿದಾಗ ಹಳದಿ ದೀಪ ಹೋಯಿತು, ಬಾನೆಟ್ ಮುಚ್ಚಿದಳು. ನನ್ನನ್ನು ಕೆಂಪಶೆಟ್ಟಿಯ ಕೈಗಿತ್ತಳು. ಮೂವರು ಮಿಸ್ತ್ರಿಗಳ ಮುಂದೆ ಅವನ ಮಾನ ಕಳೆದವನು ನಾನು. ಕಣಿವೆಗೆ ಎಸೆಯುತ್ತಾನೆ ಎಂದುಕೊಂಡೆ. ಅವನು ನನ್ನನ್ನು ಬಗ್ಗಿಸಿ, ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ.

‘ಪಾಪ, ಸುಟ್ಟೋಗದ’ ಎಂದ. ‘ಇಷ್ಟ್ ಬಿಸಿ ಪೈಪಿನ್ ಮೇಲ ಎಷ್ಟ್ ದಿಸ ಬಿದ್ದಿತ್ತೋ. ನಾನೂ ನೋಡ್ನಿಲ್ಲವಲ್ಲ.’

ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸು ಹೊರಡಿಸಿದ. ಎಂಟು, ಒಂಬತ್ತು, ಹತ್ತು. ಟರ್ಬೊ ಎದೆ ತುಂಬಿ ಊದುವುದನ್ನು ನಾನು ಮೊದಲ ಸಲ ಹೊರಗಿನಿಂದ ಕೇಳಿದೆ. ಕೆಂಪಶೆಟ್ಟಿಯ ಎದೆಬಡಿತವೂ ಕೇಳುತ್ತಿತ್ತು.

‘ಶೆಟ್ಟಿ’ ಎಂದ ಗುರುಮಲ್ಲಪ್ಪ ಸೀಟಿನ ಕಂಬಿ ಹಿಡಿದುಕೊಂಡು, ‘ವಸಿ ನಿಧಾನಕ್ಕ ಹೋಗಪ್ಪ. ನಾಳಿಕೂ ನೀನೇ ಓಡ್ಸ್‌ಬೇಕಲ್ವ.’

‘ಆಗ್ಲಿ ಬುದ್ಧಿ’ ಎಂದ ಕೆಂಪಶೆಟ್ಟಿ. ನಿಧಾನ ಮಾಡಲಿಲ್ಲ. ಹಿಂದಿನಿಂದ ಚಿಕ್ಕತಾಯಮ್ಮ, ‘ಅಯ್ಯೋ, ಮೊಸರು ಮಜ್ಗೆಯಾಯ್ತದ ಕನ ಶೆಟ್ಟಣ್ಣ!’ ಎಂದು ಕೂಗಿದಳು.

ಘಟ್ಟ ಇಳಿದ ಮೇಲೆ ಕೆಂಪಶೆಟ್ಟಿ ನನ್ನನ್ನು ಜಸಿಂತಾಳಿಗೇ ಕೊಟ್ಟ. ಈಗ ನಾನು ಅವಳ ಶೆಡ್ಡಿನ ಕಿಟಕಿಯ ಸರಳಿಗೆ ನೇತಾಡುತ್ತಿದ್ದೇನೆ. ತೊಳೆದ ಗಾಡಿ ತಂದವರಿಗೆಲ್ಲ ಅವಳು ನನ್ನನ್ನು ತೋರಿಸಿ, ‘ಕಾಯಿಲೆ ಇದ್ದಂಗೇ ಕರ್ಕಂಡ್ ಬನ್ನಿ’ ಎನ್ನುತ್ತಾಳೆ. ಸಂಜೆಯ ಬಿಸಿಲು ಬಿದ್ದಾಗ ನನ್ನ ಸೀಳು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಯಾವ ಅವಸರವೂ ಇಲ್ಲ, ಯಾರ ಘಟ್ಟವೂ ನನ್ನ ಮೇಲೆ ನಿಂತಿಲ್ಲ.

ಹಾಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಬಸ್ಸನ್ನು ಮಂಡಿಯೂರಿಸಿದೆ, ಮಿಸ್ತ್ರಿಗಳಿಗೆ ನೀರು ಕುಡಿಸಿದೆ, ಬೇಕೆಂದೇ ಬಾಯಿ ತೆರೆದೆ ಎಂದೆಲ್ಲ ಹೇಳಿದೆನಲ್ಲ, ಅದು ಸುಳ್ಳು. ನಾನು ಯಾರನ್ನೂ ಆಟ ಆಡಿಸಲಿಲ್ಲ. ತಂತಿ ಜಾರಿ ಬಿಸಿ ಪೈಪಿನ ಮೇಲೆ ಬಿದ್ದಿದ್ದೆ, ಸುಟ್ಟು ಸೀಳಿದ್ದೆ. ಸೀಳಿದವನು ಎಂದು ಹೇಳಿಕೊಳ್ಳುವುದಕ್ಕಿಂತ ಖಳ ಎಂದು ಹೇಳಿಕೊಳ್ಳುವುದು ಸುಲಭ ಅನ್ನಿಸಿತು. ಪ್ರತಿ ಸಲವೂ ಆರನೇ ತಿರುವು ದಾಟುತ್ತಿದ್ದ ಹಾಗೆ, ಮೇಲೆ ಕೆಂಪಶೆಟ್ಟಿಯ ಕಾಲು ಪೆಡಲನ್ನು ಒತ್ತುವುದು ನನಗೆ ಗೊತ್ತಾಗುತ್ತಿತ್ತು. ಪ್ರತಿ ಸಲವೂ ನಾನು ಬಿಗಿ ಹಿಡಿದುಕೊಳ್ಳಲು ನೋಡಿದೆ. ಆಗಲಿಲ್ಲ.